ಪಿಂಗಾಣಿ ಯಾಕೆ ಠಣ್ಣೆಂದಿತು?

ಸಿ.ವಿ. ರಾಮನ್ ನಗರದ ಮಕ್ಕಳಿಗೆ ಒಂದು ಉದ್ದನೆಯ ಕಾಂಪೌಂಡು ಚೆನ್ನಾಗಿ ಗೊತ್ತಿರುತ್ತದೆ. ಶಾಲೆಯ ವ್ಯಾನು ಎಷ್ಟು ಹೊತ್ತು ಓಡಿದರೂ ಕಿಟಕಿಯಾಚೆ ಅದೇ ಗೋಡೆ, ಅದೇ ಮುಳ್ಳುತಂತಿ, ಒಳಗಿಂದ ಇಣುಕುವ ಅವೇ ಮರಗಳು. ಅದರೊಳಗೆ ಡಿಆರ್‌ಡಿಒ ಸಂಸ್ಥೆಯ ಪ್ರಯೋಗಾಲಯಗಳಿವೆ. ದೇಶದ ರಕ್ಷಣೆಗೆ ಬೇಕಾದ ಯಂತ್ರಗಳನ್ನು ರೂಪಿಸುವ ಜಾಗ. ಅವುಗಳಲ್ಲಿ ಒಂದರ ಹೆಸರು ಗ್ಯಾಸ್ ಟರ್ಬೈನ್ ರಿಸರ್ಚ್ ಎಸ್ಟಾಬ್ಲಿಷ್‌ಮೆಂಟ್. ಅಷ್ಟುದ್ದ ಹೇಳಲಾರದೆ ಎಲ್ಲರೂ ಜಿಟಿಆರ್‌ಇ ಅನ್ನುತ್ತಾರೆ. ಯುದ್ಧವಿಮಾನಕ್ಕೆಂದು ನಮ್ಮವರೇ ರೂಪಿಸಿದ ಕಾವೇರಿ ಜೆಟ್ ಎಂಜಿನ್ನಿನ ತವರುಮನೆ ಅದು. 2010ರ ನವೆಂಬರಿನಲ್ಲಿ ರಷ್ಯಾದ ಒಂದು ದೊಡ್ಡ ಸಾಗಣೆ ವಿಮಾನದ ರೆಕ್ಕೆಯಡಿ ಕಾವೇರಿಯನ್ನು ಕೂರಿಸಿ ಆಕಾಶದಲ್ಲಿ ಓಡಿಸಿ ನೋಡಿದ್ದರು.

ಜೆಟ್ ಎಂಜಿನ್ನಿನ ಹೊಟ್ಟೆಯಲ್ಲಿ ಬೆಂಕಿ ಉರಿಯುತ್ತಿರುತ್ತದೆ. ಆ ಬೆಂಕಿಯಿಂದ ಹೊರಟು ಬರುವ ಅನಿಲದ ಬಿಸಿ, ಇಂದಿನ ಯುದ್ಧವಿಮಾನಗಳಲ್ಲಿ, 1,400 ಡಿಗ್ರಿ ಸೆಲ್ಸಿಯಸ್ಸನ್ನೂ ದಾಟುತ್ತದೆ. ಅದು ನೇರವಾಗಿ ಬಂದು ಬಡಿಯುವುದು ಟರ್ಬೈನ್ ಎಂಬ ತಿರುಗುವ ಚಕ್ರದ ಅಲಗುಗಳಿಗೆ. ಅಲಗುಗಳನ್ನು ಮಾಡಿರುವುದು ನಿಕ್ಕಲ್ ಬೆರೆಸಿದ ಗಟ್ಟಿ ಲೋಹದಿಂದ. ಆದರೆ ಆ ಲೋಹ ಸುಮಾರು 1,350 ಡಿಗ್ರಿಗೇ ಕರಗಲು ಶುರುವಾಗುತ್ತದೆ! ಹಾಗಿದ್ದರೆ ಅಲಗು ಕರಗಿ ತೊಟ್ಟಿಕ್ಕುವುದಿಲ್ಲ ಯಾಕೆ? ಎರಡು ಉಪಾಯ ಮಾಡಿದ್ದಾರೆ. ಅಲಗಿನ ಒಳಗೆ ಸಣ್ಣ ಸಣ್ಣ ಕೊಳವೆಗಳನ್ನು ಬಿಟ್ಟು ತಂಪು ಗಾಳಿ ಹಾಯಿಸುತ್ತಾರೆ. ಹೊರಗೆ ಒಂದು ತೆಳ್ಳನೆಯ ಲೇಪ ಬಳಿಯುತ್ತಾರೆ. ಲೇಪದ ದಪ್ಪ ಕಾಲು ಮಿಲಿಮೀಟರಿನ ಆಸುಪಾಸು. ಆ ಲೇಪ ಪಿಂಗಾಣಿಯ ಜಾತಿಯದು.

ಪಿಂಗಾಣಿಯ ಜಾತಿ ಅಂದೆ. ಅದು ದೊಡ್ಡ ಕುಟುಂಬ. ಮಣ್ಣಿನಂಥ, ಕಲ್ಲಿನಂಥ ಪುಡಿಗಳನ್ನು ಸುಟ್ಟು ಗಟ್ಟಿ ಮಾಡಿದ ವಸ್ತುಗಳಿಗೆಲ್ಲ ಸಿರಾಮಿಕ್ ಎಂಬ ಒಂದೇ ಹೆಸರಿದೆ. ಮಡಕೆ, ಹೆಂಚು, ಇಟ್ಟಿಗೆ, ಕಪ್ಪು-ಸಾಸರು, ಬಚ್ಚಲಮನೆಯ ಟೈಲ್ಸು, ಕರೆಂಟು ಕಂಬದ ಮೇಲಿನ ಬಿಳಿ ಬಟ್ಟಲು, ಸ್ಕೂಟರಿನ ಸ್ಪಾರ್ಕ್ ಪ್ಲಗ್ಗಿನ ಬಿಳಿ ಕೊಳವೆ ಎಲ್ಲವೂ ಇದೇ ಮನೆಯವು. ಗಾಜು ಇವುಗಳ ದಾಯಾದಿ. ಇವು ಬಿಸಿಗೆ ಹೆದರುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಸುಲಭಕ್ಕೆ ಸವೆಯುವುದಿಲ್ಲ. ಎಲ್ಲಕ್ಕೂ ಇರುವ ಕೆಟ್ಟ ಗುಣ ಒಂದೇ: ಪೆಡಸು. ಬಗ್ಗು ಅಂದರೆ ಬಗ್ಗುವುದಿಲ್ಲ, ಮುರಿದೇ ಹೋಗುತ್ತವೆ.

ಈಗ ಎಂಜಿನ್ನಿನವರ ತಲೆನೋವು ನೋಡಿ. ಪೈಲಟ್ ವೇಗ ಹೆಚ್ಚಿಸಿದ, ಲೇಪಕ್ಕೆ ಕೆಲವೇ ಕ್ಷಣದಲ್ಲಿ ನೂರಾರು ಡಿಗ್ರಿ ಬಿಸಿ ಏರಿತು. ಎಂಜಿನ್ ಆರಿಸಿದ, ಅಷ್ಟೇ ಬೇಗ ಇಳಿಯಿತು. ಲೇಪ ಬಿರುಕು ಬಿಟ್ಟು ಚಕ್ಕೆ ಎದ್ದರೆ ಒಳಗಿನ ಲೋಹ ಬೆತ್ತಲೆ. ಎಷ್ಟು ಸಲ ಹೀಗೆ ಏರಿಳಿದರೆ ಲೇಪ ಒಡೆಯುತ್ತದೆ? ಬಿರುಕು ಎಲ್ಲಿ ಹುಟ್ಟುತ್ತದೆ, ಎಷ್ಟು ದೂರ ಓಡುತ್ತದೆ? ಒಡೆಯುವ ಮೊದಲೇ ಇದನ್ನು ಲೆಕ್ಕ ಹಾಕಿ ಹೇಳಬಹುದೇ?

ಹೇಳಬಹುದು. ಪೂರ್ತಿಯಾಗಿ ಅಲ್ಲ, ಆದರೆ ಆಶ್ಚರ್ಯವಾಗುವಷ್ಟು ಹೇಳಬಹುದು. ಆ ಲೆಕ್ಕ ತಿಳಿಯಲು ಕಾಂಪೌಂಡಿನೊಳಗೆ ಹೋಗಬೇಕಾಗಿಲ್ಲ (ಹೋಗಲು ಬಿಡುವುದೂ ಇಲ್ಲ). ಅಡುಗೆಮನೆ ಸಾಕು.

ಗಾಜಿನ ಲೋಟಕ್ಕೆ ಕುದಿಯುವ ಕಾಫಿ ಸುರಿದಾಗ ಲೋಟ ಠಣ್ಣೆಂದು ತಳ ಕಳಚಿಕೊಂಡದ್ದನ್ನು ನೀವು ನೋಡಿರಬಹುದು. ಅಜ್ಜಿಯನ್ನು ಕೇಳಿದರೆ, ‘ಬಿಸಿ ತಡೆಯಲಿಲ್ಲ’ ಅನ್ನುತ್ತಾರೆ. ಆದರೆ ಅದೇ ಲೋಟವನ್ನು ತಣ್ಣೀರಿನ ಪಾತ್ರೆಯಲ್ಲಿಟ್ಟು, ಸಣ್ಣ ಉರಿಯಲ್ಲಿ ನಿಧಾನವಾಗಿ ನೀರನ್ನು ಕುದಿಸಿದರೆ ಲೋಟಕ್ಕೆ ಏನೂ ಆಗುವುದಿಲ್ಲ. ಎರಡು ಸಲವೂ ಬಿಸಿ ಅಷ್ಟೇ, ನೂರು ಡಿಗ್ರಿ. ಒಂದು ಸಲ ಒಡೆಯಿತು, ಇನ್ನೊಂದು ಸಲ ಒಡೆಯಲಿಲ್ಲ. ಹಾಗಾದರೆ ತಪ್ಪು ಬಿಸಿಯದಲ್ಲ. ಲೋಟದ ಒಂದು ಭಾಗ ಬಿಸಿಯಾಗಿದ್ದು, ಇನ್ನೊಂದು ಭಾಗ ಇನ್ನೂ ತಣ್ಣಗೆ ಇತ್ತಲ್ಲ, ಆ ವ್ಯತ್ಯಾಸದ್ದು.

ಬಿಸಿಯಾದ ವಸ್ತು ಹಿಗ್ಗುತ್ತದೆ, ತಣ್ಣಗಾದದ್ದು ಕುಗ್ಗುತ್ತದೆ. ಇದು ನಿಮ್ಮ ಪಾಠದಲ್ಲೇ ಇದೆ. ಎಷ್ಟು ಹಿಗ್ಗುತ್ತದೆ ಎಂಬುದನ್ನು ನೋಡೋಣ. ಮಾಮೂಲಿ ಗಾಜು ಒಂದು ಡಿಗ್ರಿ ಬಿಸಿಯಾದರೆ ತನ್ನ ಉದ್ದದ ಹತ್ತು ಲಕ್ಷ ಪಾಲಿನಲ್ಲಿ 9 ಪಾಲು ಹಿಗ್ಗುತ್ತದೆ. 10 ಸೆಂಟಿಮೀಟರ್ ಉದ್ದದ ಗಾಜಿನ ಕಡ್ಡಿಯನ್ನು 80 ಡಿಗ್ರಿ ಬಿಸಿ ಮಾಡಿದರೆ ಅದು ಬೆಳೆಯುವುದು 0.072 ಮಿಲಿಮೀಟರು, ಅಂದರೆ ತಲೆಗೂದಲಿನ ದಪ್ಪ. ಇಷ್ಟೇನಾ ಅನ್ನಿಸುತ್ತದೆ, ಅಲ್ಲವೇ? ಹಿಗ್ಗಲು ಬಿಟ್ಟರೆ ಇಷ್ಟೇ, ಏನೂ ತೊಂದರೆಯಿಲ್ಲ. ಆದರೆ ಆ ಕೂದಲಿನಷ್ಟು ಹಿಗ್ಗುವುದನ್ನು ಪಕ್ಕದ ತಣ್ಣನೆಯ ಗಾಜು ಬಿಗಿಯಾಗಿ ತಡೆದರೆ? ಗಾಜಿನ ಬಿಗಿಯನ್ನು ಸೇರಿಸಿ ಗುಣಿಸಿದರೆ ಬರುವ ಉತ್ತರ ಬೆಚ್ಚಿಬೀಳಿಸುವಂಥದು. ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಸುಮಾರು 500 ಕಿಲೋ ತೂಕ ಹೇರಿದಷ್ಟು ಬಲ! ದಿನಾ ತೊಳೆದು ಉಜ್ಜಿ ಗೀರು ಬಿದ್ದಿರುವ ಲೋಟ ತಡೆದುಕೊಳ್ಳುವುದೂ ಹೆಚ್ಚುಕಡಿಮೆ ಅಷ್ಟನ್ನೇ. ಅದಕ್ಕೇ ಕೆಲವು ಸಲ ಉಳಿಯುತ್ತದೆ, ಕೆಲವು ಸಲ ಒಡೆಯುತ್ತದೆ.

ಶಾಲೆಯ ಲ್ಯಾಬಿನಲ್ಲಿರುವ ಬೀಕರು ಉರಿಯ ಮೇಲಿಟ್ಟರೂ ಒಡೆಯದಿರುವುದಕ್ಕೆ ಕಾರಣ ಇದೇ ಲೆಕ್ಕದಲ್ಲಿದೆ. ಅದು ಬೋರೋಸಿಲಿಕೇಟ್ ಗಾಜು. ಮಾಮೂಲಿ ಗಾಜು 9 ಪಾಲು ಹಿಗ್ಗಿದರೆ ಅದು 3.3 ಪಾಲು ಮಾತ್ರ ಹಿಗ್ಗುತ್ತದೆ. ಶುದ್ಧ ಸಿಲಿಕಾದಿಂದ ಮಾಡಿದ ಗಾಜಂತೂ ಅರ್ಧ ಪಾಲಿನಷ್ಟೇ. ಅದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೂ ಜಪ್ಪಯ್ಯ ಅನ್ನುವುದಿಲ್ಲ.

ಸ್ಟೀಲು ಲೋಟ ಗಾಜಿಗಿಂತ ಹೆಚ್ಚು ಹಿಗ್ಗುತ್ತದೆ, ಆದರೂ ಒಡೆಯುವುದಿಲ್ಲ. ಲೋಹದಲ್ಲಿ ಬಿಸಿ ಬೇಗ ಹರಡಿಕೊಳ್ಳುವುದರಿಂದ ಒಂದು ಕಡೆ ಬಿಸಿ, ಇನ್ನೊಂದು ಕಡೆ ತಣ್ಣಗೆ ಇರುವುದು ಕಡಿಮೆ. ಮೇಲಾಗಿ ಎಳೆದರೆ ಲೋಹ ಸ್ವಲ್ಪ ಜಗ್ಗಿ ಸುಧಾರಿಸಿಕೊಳ್ಳುತ್ತದೆ. ಗಾಜಿಗೂ ಪಿಂಗಾಣಿಗೂ ಜಗ್ಗುವುದು ಗೊತ್ತಿಲ್ಲ.

ಪಿಂಗಾಣಿಯ ಇನ್ನೊಂದು ಗುಟ್ಟು ಇದೆ. ಒತ್ತಿದರೆ ಅದು ಬಹಳ ತಡೆಯುತ್ತದೆ, ಎಳೆದರೆ ಬೇಗ ಸೋಲುತ್ತದೆ. ಬಿಸಿ ಕಾಫಿ ಸುರಿದಾಗ ಲೋಟದ ಒಳಮೈ ಹಿಗ್ಗಲು ಹೊರಡುತ್ತದೆ, ಹೊರಮೈ ತಡೆಯುತ್ತದೆ. ಒಳಮೈಗೆ ಒತ್ತಡ, ಹೊರಮೈಗೆ ಎಳೆತ. ಬಿರುಕು ಹುಟ್ಟುವುದು ಹೊರಗೆ, ಅದರಲ್ಲೂ ಗಾಜು ದಪ್ಪವಾಗಿರುವ ತಳದ ಅಂಚಿನಲ್ಲಿ. ದಪ್ಪ ಲೋಟ ಗಟ್ಟಿ ಎಂದು ನಂಬಿ ಕೊಳ್ಳುವವರು ಬಹಳ. ಬಿಸಿಯ ಮಟ್ಟಿಗೆ ತೆಳ್ಳನೆಯ ಲೋಟವೇ ವಾಸಿ, ಅದರ ಒಳಗೂ ಹೊರಗೂ ಬೇಗ ಒಂದೇ ಬಿಸಿಗೆ ಬಂದುಬಿಡುತ್ತವೆ. ಇನ್ನು ಕಾದ ಪಿಂಗಾಣಿ ತಟ್ಟೆಯನ್ನು ತಣ್ಣೀರಿಗೆ ಹಾಕುವುದು ಇದಕ್ಕಿಂತ ಕೆಟ್ಟದ್ದು. ಆಗ ಸುತ್ತಲಿನ ಮೈಯೆಲ್ಲ ಒಟ್ಟಿಗೆ ಕುಗ್ಗಲು ಹೊರಟು, ಮೈಯೆಲ್ಲ ಎಳೆತಕ್ಕೆ ಸಿಗುತ್ತದೆ. ಗೀರುಗಳೆಲ್ಲ ಇರುವುದೂ ಮೈಮೇಲೆಯೇ.

ಈ ಎಳೆದಾಟವನ್ನು ಕಂಪ್ಯೂಟರಿನಲ್ಲಿ ಹೇಗೆ ಲೆಕ್ಕ ಹಾಕುತ್ತಾರೆ? ಬೆಳಿಗ್ಗೆ ಪ್ರಾರ್ಥನೆಗೆ ನೀವೆಲ್ಲ ಮೈದಾನದಲ್ಲಿ ಸಾಲುಸಾಲಾಗಿ ನಿಂತಿದ್ದೀರಿ ಅಂದುಕೊಳ್ಳಿ. ಅಕ್ಕಪಕ್ಕದವರ, ಹಿಂದುಮುಂದಿನವರ ಕೈಗಳನ್ನು ಬಿಗಿಯಾಗಿ ಹಿಡಿದಿದ್ದೀರಿ. ಮುಂದಿನ ಸಾಲು ತಣ್ಣೀರು ತಾಗಿದ ಹೊರಮೈ ಇದ್ದಂತೆ. ಆ ಸಾಲಿನವರಿಗೆ ಮಾತ್ರ ಮೇಷ್ಟರು, ‘ಇನ್ನೂ ಒತ್ತಾಗಿ ನಿಲ್ಲಿ’ ಅಂದರು. ಹಿಂದಿನವರಿಗೆ ಏನೂ ಹೇಳಲಿಲ್ಲ. ಮುಂದಿನವರು ಒತ್ತಾಗಲು ನೋಡುತ್ತಾರೆ, ಹಿಂದಿನವರ ಹಿಡಿತ ಬಿಡುವುದಿಲ್ಲ. ಮುಂದಿನ ಸಾಲಿನ ಎಲ್ಲರ ತೋಳೂ ಜಗ್ಗುತ್ತದೆ. ಯಾರದೋ ಕೈ ಬೆವರಿತ್ತು, ಜಾರಿತು. ಅದೇ ಮೊದಲ ಬಿರುಕು. ಅವರ ಎಡಬಲದವರಿಗೆ ತಕ್ಷಣ ನಿರಾಳ, ಸರಿದುಕೊಂಡು ಒತ್ತಾಗಿ ನಿಲ್ಲುತ್ತಾರೆ. ಆದರೆ ದೂರದಲ್ಲಿರುವವರಿಗೆ ಜಗ್ಗುವುದು ತಪ್ಪಲಿಲ್ಲ, ಅಲ್ಲಿ ಇನ್ನೊಂದು ಕೈ ಜಾರುತ್ತದೆ. ಹೀಗೆ ಸಾಲಿನುದ್ದಕ್ಕೂ ಸುಮಾರು ಒಂದೇ ಅಂತರದಲ್ಲಿ ಬಿಡುವುಗಳು ಬೀಳುತ್ತವೆ. ಯಾವ ಹುಡುಗನ ಕೈ ಜಾರುತ್ತದೆಂದು ಯಾರೂ ಹೇಳಲಾರರು. ಎಷ್ಟು ದೂರಕ್ಕೊಂದು ಬಿಡುವು ಬೀಳುತ್ತದೆಂದು ಹೇಳಬಹುದು.

ಕಂಪ್ಯೂಟರು ಮಾಡುವುದೂ ಇಷ್ಟೇ. ಪಿಂಗಾಣಿ ತುಂಡನ್ನು ಲಕ್ಷಾಂತರ ಸಣ್ಣ ಚೌಕಗಳಾಗಿ ವಿಂಗಡಿಸುತ್ತದೆ. ಒಂದೊಂದು ಚೌಕಕ್ಕೂ ಕೇಳುತ್ತದೆ: ಈ ಕ್ಷಣ ನಿನ್ನ ಬಿಸಿ ಎಷ್ಟು? ಬಿಸಿ ಹೇಗೆ ಹರಿಯುತ್ತದೆಂಬ ಗಣಿತವನ್ನು ಫ್ರಾನ್ಸಿನ ಗಣಿತಜ್ಞ ಫೂರಿಯೇ 1822ರಲ್ಲೇ ಬರೆದಿಟ್ಟಿದ್ದಾರೆ. ಆಮೇಲಿನ ಪ್ರಶ್ನೆ: ನೀನು ಎಷ್ಟು ಹಿಗ್ಗಬೇಕು, ನೆರೆಯವರು ಎಷ್ಟು ತಡೆಯುತ್ತಿದ್ದಾರೆ, ನಿನ್ನ ಎಳೆತ ಎಷ್ಟು? ಕೊನೆಯದು ದೊಡ್ಡ ಪ್ರಶ್ನೆ: ಇಲ್ಲಿ ಬಿರುಕು ಬೀಳಬೇಕೋ ಬೇಡವೋ?

ಈ ಕೊನೆಯ ಪ್ರಶ್ನೆಗೆ ದಾರಿ ತೋರಿಸಿದವರು ಇಂಗ್ಲೆಂಡಿನ ಎ.ಎ. ಗ್ರಿಫಿತ್ ಎಂಬ ಎಂಜಿನಿಯರು. ಫಾರ್ನ್‌ಬರೋ ಎಂಬಲ್ಲಿನ ವಿಮಾನ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದರು. ಗಾಜಿನ ಅಣುಗಳ ಹಿಡಿತವನ್ನು ಲೆಕ್ಕ ಹಾಕಿದರೆ ಗಾಜು ಈಗಿರುವುದಕ್ಕಿಂತ ನೂರು ಪಟ್ಟು ಗಟ್ಟಿಯಿರಬೇಕಿತ್ತು. ಯಾಕಿಲ್ಲ? ಗ್ರಿಫಿತ್ ಗಾಜನ್ನು ಕಾಯಿಸಿ ಎಳೆದು ಎಳೆಗಳನ್ನು ಮಾಡಿದರು. ಎಳೆ ಸಣ್ಣದಾದಷ್ಟೂ ಅದರ ಗಟ್ಟಿತನ ಏರಿತು. ಕಣ್ಣಿಗೆ ಕಾಣದ ಸಣ್ಣ ಬಿರುಕುಗಳು ಗಾಜಿನಲ್ಲಿ ಮೊದಲೇ ಇರುತ್ತವೆ, ಸಣ್ಣ ಎಳೆಯಲ್ಲಿ ದೊಡ್ಡ ಬಿರುಕಿಗೆ ಜಾಗವೇ ಇಲ್ಲ ಎಂದು ಅವರಿಗೆ ಹೊಳೆಯಿತು. 1920ರಲ್ಲಿ ಅವರು ಒಂದು ಜಮಾಖರ್ಚಿನ ಲೆಕ್ಕ ಮುಂದಿಟ್ಟರು. ಬಿರುಕು ಮುಂದೆ ಹೋದರೆ ಹೊಸ ಮೈ ಎರಡು ಹುಟ್ಟುತ್ತವೆ, ಅದಕ್ಕೆ ಶಕ್ತಿ ಬೇಕು, ಅದು ಖರ್ಚು. ಬಿರುಕು ಮುಂದೆ ಹೋದರೆ ಸುತ್ತಲಿನ ಎಳೆತ ಸಡಿಲಾಗಿ ಶಕ್ತಿ ಸಿಗುತ್ತದೆ, ಅದು ಜಮೆ. ಜಮೆ ಖರ್ಚನ್ನು ಮೀರಿದರೆ ಬಿರುಕು ಓಡುತ್ತದೆ. ಮೀರದಿದ್ದರೆ ಇದ್ದಲ್ಲೇ ನಿಲ್ಲುತ್ತದೆ. ನೂರು ವರ್ಷ ಕಳೆದರೂ ಬಿರುಕಿನ ಲೆಕ್ಕಗಳೆಲ್ಲ ನಿಂತಿರುವುದು ಇದರ ಮೇಲೆಯೇ. ಇದೇ ಗ್ರಿಫಿತ್ 1926ರಲ್ಲಿ ವಿಮಾನಕ್ಕೆ ಟರ್ಬೈನ್ ಎಂಜಿನ್ ಹೇಗಿರಬೇಕೆಂದೂ ಬರೆದರು. ಒಡೆದ ಗಾಜಿನ ಬಗ್ಗೆ ಯೋಚಿಸಿದ ತಲೆಯೇ ಜೆಟ್ ಎಂಜಿನ್ನಿನ ಬಗ್ಗೆಯೂ ಯೋಚಿಸಿತ್ತು! ಜಿಟಿಆರ್‌ಇಯ ಕಾಂಪೌಂಡು ದಾಟುವಾಗಲೆಲ್ಲ ನನಗೆ ಈ ಮನುಷ್ಯ ನೆನಪಾಗುತ್ತಾರೆ.

ಲೆಕ್ಕ ಸರಿಯೋ ತಪ್ಪೋ ನೋಡಬೇಕಲ್ಲ? ಸ್ಪಾರ್ಕ್ ಪ್ಲಗ್ಗಿನ ಬಿಳಿ ಭಾಗ ಇದೆಯಲ್ಲ, ಅದನ್ನು ಮಾಡುವ ಅಲ್ಯೂಮಿನಾದ ತೆಳ್ಳನೆಯ ಬಿಲ್ಲೆಗಳನ್ನು ಚೀನಾದ ಸಂಶೋಧಕರು ಕುಲುಮೆಯಲ್ಲಿ ನೂರಾರು ಡಿಗ್ರಿ ಕಾಯಿಸಿ ನೀರಿಗೆ ಬಿಟ್ಟರು. ಹೊರತೆಗೆದು ಶಾಯಿ ಬಳಿದರು. ಶಾಯಿ ಬಿರುಕುಗಳೊಳಗೆ ಇಳಿದು ಚಿತ್ರ ಮೂಡಿತು. ಅಂಚಿನಿಂದ ಒಳಕ್ಕೆ ನೆಟ್ಟಗೆ, ಸಮ ಅಂತರದಲ್ಲಿ ಹೊರಟ ಗೆರೆಗಳು. ಸ್ವಲ್ಪ ದೂರ ಹೋದ ಮೇಲೆ ಕೆಲವು ನಿಂತುಬಿಡುತ್ತವೆ, ನಡುವೆ ಕೆಲವು ಮಾತ್ರ ಮುಂದುವರಿಯುತ್ತವೆ. ಅವುಗಳಲ್ಲೂ ಕೆಲವು ಇನ್ನೂ ಒಳಗೆ ಹೋಗಿ ನಿಲ್ಲುತ್ತವೆ. ಆಳಕ್ಕೆ ಹೋದಂತೆ ಗೆರೆಗಳ ನಡುವಿನ ಅಂತರ ಹಿಗ್ಗುತ್ತದೆ. 2014ರಲ್ಲಿ ಬೂರ್ಡಾಂ, ಮಾರಿಗೋ, ಮೌರಿನಿ, ಸಿಕ್ಸಿಕ್ ಎಂಬ ನಾಲ್ವರು ಸಂಶೋಧಕರು ಗ್ರಿಫಿತ್‌ರ ಜಮಾಖರ್ಚನ್ನೇ ಹಿಡಿದು ಕಂಪ್ಯೂಟರಿನಲ್ಲಿ ಲೆಕ್ಕ ಮಾಡಿ ತೋರಿಸಿದರು. ಬಿರುಕು ಎಲ್ಲಿ ಶುರುವಾಗಬೇಕೆಂದು ಅವರು ಕಂಪ್ಯೂಟರಿಗೆ ಹೇಳಿಕೊಡಲಿಲ್ಲ. ಆದರೂ ಪರದೆಯ ಮೇಲೆ ಅದೇ ಗೆರೆಗಳು, ಅದೇ ನಿಲ್ಲುವಿಕೆ, ಅದೇ ಅಂತರ. ಮೇಲ್ಮೈಯನ್ನು ಅಗಲಕ್ಕೂ ಉದ್ದಕ್ಕೂ ತೆಗೆದುಕೊಂಡು ಲೆಕ್ಕ ಮಾಡಿದಾಗ ಗೆರೆಗಳು ಒಂದಕ್ಕೊಂದು ಕೂಡಿ ಜೇನುಗೂಡಿನ ಕೋಣೆಗಳಂತೆ ಬಹುಮೂಲೆಯ ಆಕಾರಗಳಾದವು.

ಈ ಆಕಾರವನ್ನು ಕಣ್ಣಾರೆ ನೋಡಬೇಕೆಂದರೆ ಉಡುಪಿಗೆ ಹೋಗಿ. ಮಲ್ಪೆಯಿಂದ ದೋಣಿ ಹತ್ತಿದರೆ ಸೇಂಟ್ ಮೇರೀಸ್ ದ್ವೀಪ. ಅಲ್ಲಿ ಐದು, ಆರು ಮೂಲೆಯ ಕಲ್ಲುಕಂಬಗಳು ಒತ್ತೊತ್ತಾಗಿ ನಿಂತಿವೆ. ಯಾವ ಶಿಲ್ಪಿಯೂ ಕಡೆದದ್ದಲ್ಲ. ಎಂಟೂವರೆ ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ ಉಕ್ಕಿ ಬಂದ ಲಾವಾ, ಮೇಲಿನಿಂದ ತಣ್ಣಗಾಗುತ್ತಾ ಕುಗ್ಗುತ್ತಾ ಹೀಗೆ ಸೀಳಿಕೊಂಡಿತು. ಅದನ್ನು ಭೂವೈಜ್ಞಾನಿಕ ಸ್ಮಾರಕವೆಂದು ಕಾಪಾಡಿಕೊಂಡು ಬರುತ್ತಿದ್ದಾರೆ. ಅಲ್ಲಿಗೆ ಹೋದವರು ಮರಳು, ಚಿಪ್ಪು ಎಂದು ಸಮುದ್ರದ ಕಡೆಗೇ ನೋಡುತ್ತಾರೆ. ನೀವು ಸ್ವಲ್ಪ ಹೊತ್ತು ಬಂಡೆಗಳ ಕಡೆಗೂ ತಿರುಗಿ.

ಬಿಸಿಯಿಂದ ಬಂಡೆ ಸೀಳುವ ವಿದ್ಯೆ ನಮ್ಮ ಬೆಂಗಳೂರಿನಲ್ಲೇ ಇತ್ತು ಅಂದರೆ ನಂಬುತ್ತೀರಾ? ಹಳೆಯ ಮನೆಗಳ, ತೋಟಗಳ ಸುತ್ತ ಆಳೆತ್ತರದ ಕಲ್ಲು ಚಪ್ಪಡಿಗಳನ್ನು ಸಾಲಾಗಿ ನೆಟ್ಟಿರುವುದನ್ನು ನೀವು ನೋಡಿರುತ್ತೀರಿ. ಈಗ ಯಂತ್ರ ಇದೆ, ಕೊಯ್ಯುತ್ತಾರೆ. ಯಂತ್ರ ಇಲ್ಲದ ಕಾಲದಲ್ಲಿ ಅಷ್ಟಗಲದ ಕಲ್ಲನ್ನು ಅಷ್ಟು ಸಮನಾಗಿ ಹೇಗೆ ಎಬ್ಬಿಸಿದರು? ಎಚ್. ವಾರ್ತ್ ಎಂಬವರು ಇದನ್ನು ನೋಡಿ ಬೆರಗಾಗಿ 1895ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದರು. ಜಗತ್ತಿನ ಬಹಳ ದೊಡ್ಡ ವಿಜ್ಞಾನ ಪತ್ರಿಕೆ ಅದು, ಈಗಲೂ ಬರುತ್ತಿದೆ.

ಕೆಲಸ ಹೀಗಿತ್ತು. ಸಮತಟ್ಟಾದ ಬಂಡೆಯ ಮೇಲೆ ಸೌದೆಯನ್ನು ಉದ್ದಕ್ಕೆ ಒಂದು ಸಾಲಾಗಿ ಜೋಡಿಸಿ ಬೆಂಕಿ ಹಚ್ಚುವುದು. ಕಲ್ಲುಕುಟಿಗರು ಪಕ್ಕದಲ್ಲಿ ಕೂತು ಬಂಡೆಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಿರುತ್ತಾರೆ. ಅಡಿಯಲ್ಲಿ ಬಂಡೆ ಬಿಟ್ಟುಕೊಂಡರೆ ದನಿ ಬದಲಾಗುತ್ತದೆ. ಬದಲಾದ ಕೂಡಲೇ ಉರಿಯುವ ಕೊಳ್ಳಿಗಳನ್ನು ಕೆಲವು ಅಂಗುಲ ಮುಂದಕ್ಕೆ ತಳ್ಳುವುದು. ಮತ್ತೆ ತಟ್ಟುವುದು, ಮತ್ತೆ ತಳ್ಳುವುದು. ಹೀಗೆ ಬೆಂಕಿಯ ಗೆರೆ ಬಂಡೆಯ ಮೇಲೆ ತೆವಳುತ್ತಾ ಹೋದಂತೆ ಅದರಡಿಯಲ್ಲಿ ಬಿರುಕೂ ತೆವಳುತ್ತದೆ. ಕೊನೆಗೆ ಹತ್ತಾರು ಅಡಿ ಅಗಲದ, ಸುಮಾರು ಅರ್ಧ ಅಡಿ ದಪ್ಪದ ಹಾಳೆ ಇಡಿಯಾಗಿ ಎದ್ದು ಬರುತ್ತದೆ.

ಇಲ್ಲಿ ನಡೆದದ್ದೇನು? ಬೆಂಕಿಯಡಿಯ ಕಲ್ಲು ಹಿಗ್ಗಲು ಹೊರಟಿತು. ಸುತ್ತಲಿನ ಕಲ್ಲು ಬಿಡಲಿಲ್ಲ. ಹೋಗಲು ಬೇರೆ ದಾರಿಯಿಲ್ಲದೆ ಮೇಲಕ್ಕೆ ಉಬ್ಬಿತು, ಉಬ್ಬುವ ರಭಸಕ್ಕೆ ಅಡಿಯಿಂದ ಕಿತ್ತುಕೊಂಡಿತು. ಉರಿ ಹೆಚ್ಚಾದರೆ ಚಕ್ಕೆ ಹಾರಿ ಹಾಳೆ ಹಾಳು. ಉರಿ ಕಡಿಮೆಯಾದರೆ ಅಥವಾ ಬಿಸಿ ನಿಧಾನಕ್ಕೆ ಆಳಕ್ಕಿಳಿದರೆ ವ್ಯತ್ಯಾಸವೇ ಉಳಿಯದೆ ಬಿರುಕು ನಿಂತುಹೋಗುತ್ತದೆ. ಎಷ್ಟು ಸೌದೆ, ಎಷ್ಟು ಹೊತ್ತು, ಯಾವಾಗ ತಳ್ಳಬೇಕು ಎಂಬುದೆಲ್ಲ ಅವರ ಕೈಗೂ ಕಿವಿಗೂ ಗೊತ್ತಿತ್ತು. ಇಂದು ಲಕ್ಷ ಚೌಕಗಳನ್ನು ಜೋಡಿಸಿ ಕಂಪ್ಯೂಟರು ಕೇಳುವ ಪ್ರಶ್ನೆಯನ್ನೇ ಅವರು ಸುತ್ತಿಗೆಯಿಂದ ಕೇಳುತ್ತಿದ್ದರು. ಅವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಇದು ನನಗೆ ಸರಿ ಕಾಣುವುದಿಲ್ಲ.

ಬಂಡೆಯಿಂದ ಮಡಕೆಗೆ ಬರೋಣ. ಸಿ.ವಿ. ರಾಮನ್ ನಗರದಿಂದ ಹಲಸೂರು ದಾಟಿ ಬೆನ್ಸನ್ ಟೌನ್ ಕಡೆಗೆ ಹೋದರೆ ಪಾಟರಿ ಟೌನ್ ಸಿಗುತ್ತದೆ. ಕುಂಬಾರರ ಕೇರಿ. ಮಡಕೆ, ಹಣತೆ, ಹಬ್ಬ ಬಂದರೆ ಗಣೇಶ. ಮೆಟ್ರೊ ನಿಲ್ದಾಣಕ್ಕೂ ಅದೇ ಹೆಸರಿಟ್ಟಿದ್ದಾರೆ. ಅಲ್ಲಿನ ಒಂದು ಸಾರಿನ ಮಡಕೆಯನ್ನು ತೆಗೆದುಕೊಳ್ಳಿ, ಪಕ್ಕದಲ್ಲಿ ನಿಮ್ಮ ಮನೆಯ ನುಣುಪಾದ ಪಿಂಗಾಣಿ ಬಟ್ಟಲನ್ನಿಡಿ. ಯಾವುದು ಗಟ್ಟಿ? ಪಿಂಗಾಣಿಯೇ, ಅನುಮಾನ ಬೇಡ. ಮಡಕೆ ಕೈ ತಪ್ಪಿದರೆ ಚೂರು. ಆದರೆ ಯಾವುದನ್ನು ನೇರವಾಗಿ ಉರಿಯ ಮೇಲಿಡಬಹುದು? ಮಡಕೆಯನ್ನು ಇಡಬಹುದು, ಬಟ್ಟಲನ್ನು ಇಡುವಂತಿಲ್ಲ.

ವಿಚಿತ್ರ ಅಲ್ಲವೇ? ಇದಕ್ಕೆ ಕಾರಣ ತೂತುಗಳು. ಮಡಕೆಯ ಮೈಯೊಳಗೆ ಕಣ್ಣಿಗೆ ಕಾಣದ ಸಾವಿರಾರು ತೂತುಗಳಿವೆ. ಅದಕ್ಕೇ ಅದು ನೀರು ಜಿನುಗಿಸಿ ತಂಪಾಗಿಡುತ್ತದೆ. ಜೊತೆಗೆ ಜೇಡಿಮಣ್ಣಿಗೆ ಬೆರೆಸಿದ ಮರಳಿನ ಕಾಳುಗಳಿವೆ. ಮಡಕೆಯಲ್ಲಿ ಬಿರುಕು ಹುಟ್ಟುವುದಿಲ್ಲ ಅಂದುಕೊಳ್ಳಬೇಡಿ, ಬೇಕಾದಷ್ಟು ಹುಟ್ಟುತ್ತವೆ. ಆದರೆ ಹೊರಟ ಬಿರುಕು ಒಂದು ತೂತಿಗೆ ಬಂದು ಬೀಳುತ್ತದೆ. ಬಿರುಕಿನ ಬಲವೆಲ್ಲ ಅದರ ಚೂಪಾದ ತುದಿಯಲ್ಲಿರುತ್ತದೆ. ಗುಂಡಗಿನ ತೂತಿಗೆ ಬಿದ್ದ ಮೇಲೆ ತುದಿ ಮೊಂಡಾಯಿತು, ಮುಂದಕ್ಕೆ ಹೋಗಲಾರದು. ಲೋಹದ ತಗಡಿನಲ್ಲಿ ಬಿರುಕು ಕಂಡರೆ ರಿಪೇರಿಯವರು ಅದರ ತುದಿಯಲ್ಲಿ ಒಂದು ಸಣ್ಣ ತೂತು ಕೊರೆಯುತ್ತಾರೆ, ವಿಮಾನದ ತಗಡಿಗೂ ಹೀಗೆ ಮಾಡುವುದುಂಟು. ಉಪಾಯ ಅದೇ.

ಅಮೆರಿಕದ ಹ್ಯಾಸೆಲ್‌ಮನ್ ಎಂಬ ವಿಜ್ಞಾನಿ 1969ರಲ್ಲಿ ಇದಕ್ಕೆ ಒಂದು ಸೂತ್ರ ಕೊಟ್ಟರು. ದಟ್ಟವಾದ, ನುಣುಪಾದ, ಬಹಳ ಗಟ್ಟಿಯಾದ ಸಿರಾಮಿಕ್ ಎಳೆತವನ್ನು ಬಹಳ ಹೊತ್ತು ನುಂಗಿಕೊಂಡಿರುತ್ತದೆ. ಅಲ್ಯೂಮಿನಾವನ್ನು ನೀರಿಗೆ ಹಾಕುವಾಗ ಬಿಸಿಯ ವ್ಯತ್ಯಾಸ ಸುಮಾರು 200 ಡಿಗ್ರಿ ಆಗುವವರೆಗೆ ಏನೂ ಆಗದು. ಅದನ್ನು ದಾಟಿದರೆ, ಕೂಡಿಟ್ಟ ಶಕ್ತಿಯೆಲ್ಲ ಒಮ್ಮೆಲೇ ಬಿಡುಗಡೆಯಾಗಿ ಬಿರುಕು ದೂರ ಓಡುತ್ತದೆ, ಗಟ್ಟಿತನ ದಿಢೀರನೆ ಕುಸಿಯುತ್ತದೆ. ಮೊದಲೇ ಸಣ್ಣ ಸಣ್ಣ ಬಿರುಕುಗಳಿರುವ ಮೆತ್ತನೆಯ ವಸ್ತು ಬಿಸಿಯ ಏಟು ಬಿದ್ದಂತೆಲ್ಲ ಸ್ವಲ್ಪ ಸ್ವಲ್ಪವೇ ಸೊರಗುತ್ತದೆ, ಒಮ್ಮೆಲೇ ಕೈಕೊಡುವುದಿಲ್ಲ. ಕುಲುಮೆಯ ಇಟ್ಟಿಗೆಗಳನ್ನು ಬೇಕೆಂದೇ ಎರಡನೆಯ ಬಗೆಯಲ್ಲಿ ಮಾಡುತ್ತಾರೆ. ಬಿರುಕೇ ಬಿಡದ ವಸ್ತುವನ್ನು ಹುಡುಕುತ್ತಾ ಕೂರುವುದಕ್ಕಿಂತ ಬಿರುಕನ್ನು ಬೇಗ ನಿಲ್ಲಿಸುವ ವಸ್ತುವನ್ನು ಮಾಡುವುದು ಜಾಣತನ ಎಂದು ನನ್ನ ಎಣಿಕೆ. ಟರ್ಬೈನಿನ ಲೇಪ ಮಾಡುವವರೂ ಹಿಡಿದಿರುವುದು ಈ ದಾರಿಯನ್ನೇ.

ಆ ಲೇಪದ ಹೆಸರು ಜಿರ್ಕೋನಿಯಾ. ಹಲ್ಲಿನ ಡಾಕ್ಟರು ಹಾಕುವ ಬಿಳಿ ಹಲ್ಲಿನ ಟೊಪ್ಪಿಗೆಯೂ ಇದರದೇ. ಕರಗಲು 2,700 ಡಿಗ್ರಿ ಬೇಕು. ಬಿಸಿಯನ್ನು ಒಳಕ್ಕೆ ಬಿಡುವುದು ಬಹಳ ನಿಧಾನ. ಎಲ್ಲ ಸರಿ, ಆದರೆ ಶುದ್ಧ ಜಿರ್ಕೋನಿಯಾಕ್ಕೆ ಒಂದು ಹುಚ್ಚು ಇದೆ. ತಣ್ಣಗಾಗುವಾಗ ಸಾವಿರ ಡಿಗ್ರಿಯ ಹತ್ತಿರ ಅದರ ಅಣುಗಳ ಜೋಡಣೆ ಥಟ್ಟನೆ ಬದಲಾಗಿ, ಕುಗ್ಗಬೇಕಾದದ್ದು ನೂರಕ್ಕೆ ನಾಲ್ಕೈದು ಪಾಲು ಉಬ್ಬುತ್ತದೆ. ಉಬ್ಬಿ ತಾನೇ ಪುಡಿಯಾಗುತ್ತದೆ. ಇದನ್ನು ತಡೆಯಲು ನೂರಕ್ಕೆ ಏಳೆಂಟು ಪಾಲು ಯಿಟ್ರಿಯಾ ಎಂಬ ಇನ್ನೊಂದು ವಸ್ತುವನ್ನು ಬೆರೆಸುತ್ತಾರೆ. ಆಮೇಲೆ ಅದನ್ನು ದಟ್ಟವಾಗಿ ಬಳಿಯದೆ, ಒಂದು ವಿಧಾನದಲ್ಲಿ ಆವಿಯಾಗಿಸಿ ಸಣ್ಣ ಸಣ್ಣ ಕಂಬಗಳಾಗಿ ಬೆಳೆಸುತ್ತಾರೆ. ಕಂಬಗಳ ನಡುವೆ ಬಿಡುವು ಇರುತ್ತದೆ. ಒಳಗಿನ ಲೋಹ ಲೇಪಕ್ಕಿಂತ ಹೆಚ್ಚು ಹಿಗ್ಗಿದಾಗ ಕಂಬಗಳು ಸ್ವಲ್ಪ ದೂರ ಸರಿದುಕೊಳ್ಳುತ್ತವೆ, ಅಷ್ಟೇ. ಸೀಳಬೇಕಾದ ಜಾಗದಲ್ಲೆಲ್ಲ ಮೊದಲೇ ಸೀಳಿಟ್ಟಂತಾಯಿತು. ಇನ್ನೊಂದು ವಿಧಾನದಲ್ಲಿ ಕರಗಿದ ಹನಿಗಳನ್ನು ಎರಚುತ್ತಾರೆ, ಆಗ ಲೇಪದ ತುಂಬ ತೂತುಗಳೂ ಸಣ್ಣ ಬಿರುಕುಗಳೂ ಉಳಿಯುತ್ತವೆ. ಪಾಟರಿ ಟೌನಿನ ಮಡಕೆಯ ಗುಣವೇ.

ಕರೆಂಟು ಕಂಬದ ಬಿಳಿ ಬಟ್ಟಲನ್ನು ಮರೆತೆವು. ಏಪ್ರಿಲ್ ಬಿಸಿಲಿಗೆ ಅದು ಚೆನ್ನಾಗಿ ಕಾದಿರುತ್ತದೆ. ಸಂಜೆ ಇದ್ದಕ್ಕಿದ್ದಂತೆ ಆಲಿಕಲ್ಲು ಮಳೆ. ಬಟ್ಟಲು ಸೀಳಿದರೆ ಬೀದಿಗೆಲ್ಲ ಕತ್ತಲೆ. ಆದ್ದರಿಂದ ಕಾರ್ಖಾನೆಯಿಂದ ಹೊರಡುವ ಮೊದಲೇ ಪರೀಕ್ಷೆ ನಡೆಯುತ್ತದೆ. ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಅದಕ್ಕಿಂತ 70 ಡಿಗ್ರಿ ತಣ್ಣಗಿರುವ ತೊಟ್ಟಿಗೆ ಥಟ್ಟನೆ ಹಾಕುವುದು, ಮತ್ತೆ ಬಿಸಿಗೆ, ಮತ್ತೆ ತಣ್ಣೀರಿಗೆ, ಹೀಗೆ ಮೂರು ಸುತ್ತು. ಮಲ್ಲೇಶ್ವರದಾಚೆ ಟಾಟಾ ಇನ್ಸ್‌ಟಿಟ್ಯೂಟಿನ ಬಳಿ ಮೈಸೂರು ಸರ್ಕಾರದ ಪಿಂಗಾಣಿ ಕಾರ್ಖಾನೆಯೊಂದು ಇಂಥ ಬಟ್ಟಲುಗಳನ್ನು ಮಾಡುತ್ತಿತ್ತು, ಮುಂದೆ ಅದು ಬಿಎಚ್‌ಇಎಲ್ ಕಂಪನಿಯ ಪಾಲಾಯಿತು.

ಇಷ್ಟೆಲ್ಲ ಹೇಳಿ, ನಾವು ಮೊದಲು ನೋಡಿದ ಸಿ.ವಿ. ರಾಮನ್ ನಗರಕ್ಕೆ ಹೆಸರು ಕೊಟ್ಟ ವಿಜ್ಞಾನಿಯನ್ನು ಬಿಟ್ಟರೆ ಹೇಗೆ? 1928ರ ಫೆಬ್ರವರಿ 28ರಂದು ರಾಮನ್ ಕಂಡದ್ದು ಇದು: ವಸ್ತುವಿನ ಮೇಲೆ ಬಿದ್ದು ಚದುರಿದ ಬೆಳಕಿನಲ್ಲಿ ಅತಿ ಸ್ವಲ್ಪ ಭಾಗ ತನ್ನ ಬಣ್ಣವನ್ನು ಬದಲಿಸಿಕೊಳ್ಳುತ್ತದೆ. ಎಷ್ಟು ಬದಲಿಸಿತು ಎಂಬುದು ಆ ವಸ್ತುವಿನ ಅಣುಗಳು ಹೇಗೆ ಅದುರುತ್ತವೆ ಎಂಬುದನ್ನು ಹೇಳುತ್ತದೆ. ಅಣುಗಳನ್ನು ಯಾರಾದರೂ ಎಳೆದು ಹಿಡಿದಿದ್ದರೆ ಅವು ಅದುರುವ ರೀತಿಯೂ ಕೊಂಚ ಬದಲಾಗುತ್ತದೆ! ಹಾಗಾಗಿ ಜಿರ್ಕೋನಿಯಾ ಲೇಪದ ಮೇಲೆ ಲೇಸರ್ ಬೆಳಕು ಬಿಟ್ಟು, ಚದುರಿ ಬಂದ ಬೆಳಕನ್ನು ಅಳೆದರೆ, ಎಲ್ಲಿ ಎಳೆತ ಹೆಚ್ಚಿದೆ, ಎಲ್ಲಿ ಆ ಹುಚ್ಚು ಜೋಡಣೆ ಹುಟ್ಟಿಕೊಂಡಿದೆ ಎಂದು ಲೇಪವನ್ನು ಒಡೆಯದೆಯೇ ತಿಳಿಯುತ್ತದೆ. ಕಂಪ್ಯೂಟರು ಹಾಕಿದ ಲೆಕ್ಕವನ್ನು ತಾಳೆ ನೋಡಲು ವಿಜ್ಞಾನಿಗಳು ರಾಮನ್ ಅವರ ಬೆಳಕನ್ನೂ ಬಳಸುತ್ತಾರೆ.

ಲೆಕ್ಕಕ್ಕೆ ಸಿಗದೆ ಉಳಿದದ್ದೂ ಇದೆ. ಒಂದೇ ಡಬ್ಬಿಯಿಂದ ತೆಗೆದ ಆರು ಲೋಟಗಳಲ್ಲಿ ಒಂದು ಈ ವಾರ ಒಡೆಯುತ್ತದೆ, ಇನ್ನೊಂದು ನೀವು ಕಾಲೇಜಿಗೆ ಹೋಗುವವರೆಗೂ ಇರುತ್ತದೆ. ಯಾವುದರ ಮೈಮೇಲೆ ಎಷ್ಟು ದೊಡ್ಡ ಗೀರು ಎಲ್ಲಿದೆ ಎಂಬುದು ಅದೃಷ್ಟದ ಆಟ. ಸ್ವೀಡನ್ನಿನ ವೈಬುಲ್ ಎಂಬವರು 1939ರಲ್ಲಿ ಈ ಅದೃಷ್ಟಕ್ಕೂ ಗಣಿತ ಬರೆದರು. ಅದರಿಂದ ನೂರು ಲೋಟಗಳಲ್ಲಿ ಎಷ್ಟು ಒಡೆಯಬಹುದೆಂದು ಹೇಳಬಹುದು. ನಿಮ್ಮ ಕೈಯಲ್ಲಿರುವ ಈ ಲೋಟ ಒಡೆಯುತ್ತದೋ ಇಲ್ಲವೋ ಎಂದು ಹೇಳಲು ಬರುವುದಿಲ್ಲ.

ಈಗ ನೀವೇ ಮಾಡಿ ನೋಡಲು ಒಂದು ಪ್ರಯೋಗ. ಗಾಜು, ಪಿಂಗಾಣಿ ಮುಟ್ಟಲೇಬೇಡಿ, ಅವುಗಳ ಚೂರು ಕಣ್ಣಿಗೆ ಹಾರುತ್ತದೆ. ಸ್ಟೀಲು ಲೋಟದಲ್ಲಿ ಸಾದಾ ನೀರು ತೆಗೆದುಕೊಂಡು, ಫ್ರೀಜರಿನಿಂದ ಆಗಷ್ಟೇ ತೆಗೆದ ಐಸಿನ ತುಂಡೊಂದನ್ನು ಹಾಕಿ ಕಿವಿಗೊಡಿ. ಚಟ್ ಚಟ್ ಎಂದು ಸದ್ದು ಕೇಳುತ್ತದೆ. ಐಸೂ ಪೆಡಸು ವಸ್ತುವೇ, ಹೊರಮೈ ಬಿಸಿಯಾಗಿ ಹಿಗ್ಗುವಾಗ ಒಳಗಿನ ಚಳಿಯ ಭಾಗ ಎಳೆತಕ್ಕೆ ಸಿಕ್ಕು ಸೀಳುತ್ತಿದೆ. ಇನ್ನೊಂದು ತುಂಡನ್ನು ಹೊರಗೆ ತಟ್ಟೆಯಲ್ಲಿಟ್ಟು, ಅದು ಕರಗಿ ಒದ್ದೆಯಾಗುವವರೆಗೆ ಕಾದು, ಆಮೇಲೆ ನೀರಿಗೆ ಹಾಕಿ. ಸದ್ದು ಬಂತೇ, ಬರಲಿಲ್ಲವೇ? ಯಾಕೆಂದು ಬರೆದು ನಿಮ್ಮ ವಿಜ್ಞಾನದ ಮೇಡಮ್ಮಿಗೆ ತೋರಿಸಿ.